ಇನ್ನೂರ ಹನ್ನೆರಡನೆಯ ಮರದ ಮಣ್ಣು

ಬಯಲು ಮಣ್ಣು ಇಲಾಖೆಯ ದಾಖಲೆಗಳ ಪ್ರಕಾರ, ಊರಿನ ಪೂರ್ವಕ್ಕಿರುವ ಹುಲ್ಲುಬಯಲಿನ ಮಣ್ಣು ಸತತ ಹನ್ನೊಂದು ವರ್ಷಗಳಿಂದ ಪ್ರಥಮ ದರ್ಜೆಯದಾಗಿತ್ತು. ಈ ವಿಷಯದಲ್ಲಿ ಮಣ್ಣೊಂದನ್ನು ಬಿಟ್ಟರೆ ಬೇರೆ ಯಾರ ತಕರಾರೂ ಇರಲಿಲ್ಲ.

ಇಂಥ ಇಲಾಖೆ ಜಗತ್ತಿನಲ್ಲಿರುವುದು ಮೂರೇ ಮೂರು. ಉಳಿದೆರಡು ಎಲ್ಲಿವೆ ಎಂದು ಪತ್ತೆಹಚ್ಚಲು ಹೋದ ಸಮಿತಿ ಇನ್ನೂ ವಾಪಸು ಬಂದಿಲ್ಲ, ಬಂದಮೇಲೆ ಖಚಿತವಾಗುತ್ತದೆ. ಎರಡಂತಸ್ತಿನ ಕಟ್ಟಡ, ಹದಿನಾಲ್ಕು ಕಿಟಕಿ. ಹದಿಮೂರು ರಸ್ತೆಯ ಕಡೆಗೆ, ಒಂದು ಬಯಲಿನ ಕಡೆಗೆ. ಬಯಲಿನ ಕಡೆಯದಕ್ಕೆ ಕಡತದ ಬೀರುವೊಂದನ್ನು ಅಡ್ಡ ಇಟ್ಟಿದ್ದರು. ಬಿಸಿಲು ಬಿದ್ದು ಬಯಲಿನ ಕಡತಗಳು ಬಣ್ಣಗೆಡಬಾರದಲ್ಲ!

ಬಯಲಿಗೂ ಇಲಾಖೆಗೂ ಇದ್ದ ಏಕೈಕ ನಂಟು ಚೀಲದಣ್ಣ. ಹುದ್ದೆಯ ಹೆಸರು ಮೃತ್ತಿಕಾ ಮಾದರಿ ಸಂಗ್ರಾಹಕ. ಅಷ್ಟುದ್ದ ಕರೆದು ಮುಗಿಸುವಷ್ಟರಲ್ಲಿ ಆತ ಮೂಲೆ ತಿರುಗಿ ಮರೆಯಾಗುತ್ತಿದ್ದುದರಿಂದಲೂ, ಹೆಗಲ ಮೇಲೆ ಸದಾ ನೂರು ಪುಟ್ಟ ಬಟ್ಟೆಚೀಲಗಳ ಗಂಟು ಇರುತ್ತಿದ್ದುದರಿಂದಲೂ ಚೀಲದಣ್ಣನೆಂಬ ಹೆಸರೇ ನಿಂತಿತು. ವರ್ಷಕ್ಕೊಮ್ಮೆ, ಬೇಸಿಗೆ ನೆತ್ತಿಗೇರಿದಾಗ, ಕೈಬೈರಿಗೆ ಹಿಡಿದು ಬಯಲಿಗೆ ಹೋಗಿ, ನೂರು ಕಡೆ ಕೊರೆದು ನೂರು ಚೀಲ ಮಣ್ಣು ತರುವುದು ಅವನ ಕೆಲಸ. ವರ್ಷದ ಮಿಕ್ಕ ದಿನಗಳಲ್ಲಿ ಅವನು ಆ ಕೆಲಸಕ್ಕೆ ಸಿದ್ಧನಾಗುತ್ತಿದ್ದ.

ಬಯಲೇನು ಸಾಮಾನ್ಯದ್ದಲ್ಲ. ಈ ತುದಿಯಲ್ಲಿ ನಿಂತು ಸೀನಿದರೆ ಆ ತುದಿಯವರು ಮರುದಿನ "ಹುಷಾರಪ್ಪಾ" ಎನ್ನುವಷ್ಟು ಅಗಲ. ಅದರ ತುಂಬ, ಯಾರೋ ಮುಷ್ಟಿಯಲ್ಲಿ ಹಿಡಿದು ಚೆಲ್ಲಿದ ಹಾಗೆ, ಅಲ್ಲೊಂದು ಇಲ್ಲೊಂದು ಇನ್ನೂರ ಹನ್ನೆರಡು ಮರ. ಮಾತುಬಿಟ್ಟ ದಾಯಾದಿಗಳಂತೆ ಒಂದಕ್ಕೊಂದು ದೂರ. ಬಯಲಿನ ಅಂಚಿನಲ್ಲೇ ಚೀಲದಣ್ಣನ ಅಕ್ಕನ ಮನೆ. ತಾಯಿ ಹೋದಮೇಲೆ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳೇ. ಸಾಕಿದ್ದು ನಾಲ್ಕು ಹಸು. ಐದನೆಯದು ಇವನು ಎಂದು ಅವಳೇ ಹೇಳುತ್ತಿದ್ದಳು. ಆ ನಾಲ್ಕರ ಹಾಲಿನಿಂದಲೇ ಮನೆ ನಡೆಯುತ್ತಿತ್ತು, ಐದನೆಯದರ ಸಂಬಳ ಯಾವ ತಿಂಗಳು ಬರುತ್ತದೆಂಬುದು ಇಲಾಖೆಗೂ ಗೊತ್ತಿರಲಿಲ್ಲ.

ಇಲಾಖೆಯ ನಿಯಮ ಪುಸ್ತಕ ಬಹಳ ಕಟ್ಟುನಿಟ್ಟು. ಒಂಬತ್ತನೆಯ ನಿಯಮ ಹೀಗಿದೆ: 'ಬೈರಿಗೆಯನ್ನು ನೆಲಕ್ಕೆ ಒಂದು ಮೊಳ ಇಳಿಸತಕ್ಕದ್ದು. ಇಳಿಯದಿದ್ದಲ್ಲಿ, ನೆಲವು ಸಹಕರಿಸಲಿಲ್ಲವೆಂಬ ಹೇಳಿಕೆಯನ್ನು ಇಬ್ಬರು ಸಾಕ್ಷಿಗಳ ರುಜುವಿನೊಂದಿಗೆ ನಾಲ್ಕು ಪ್ರತಿಗಳಲ್ಲಿ ಸಲ್ಲಿಸತಕ್ಕದ್ದು.'

ಕೆಲಸಕ್ಕೆ ಸೇರಿದ ಮೊದಲ ವರ್ಷ ಚೀಲದಣ್ಣ ನಡುಬಯಲಿನ ಬಿಸಿಲಿಗೆ ಹೋಗಿ ಬೈರಿಗೆ ಊರಿದ್ದುಂಟು. ನೆಲ ಠಣ್ ಎಂದಿತು. ಇನ್ನೊಮ್ಮೆ ಊರಿದ. ಬೈರಿಗೆ ಪುಟಿದು ಬಂದು ಅವನ ಮೊಣಕಾಲಿಗೇ ಮಾದರಿ ಕೇಳಿತು. ಸಾಕ್ಷಿಗಾಗಿ ಸುತ್ತ ನೋಡಿದ. ಆಕಾಶದಲ್ಲಿ ಒಂದು ಹದ್ದಿತ್ತು. ಅದು ಒಂದೇ ಇತ್ತು, ಮೇಲಾಗಿ ಅದಕ್ಕೆ ರುಜು ಬರುತ್ತಿರಲಿಲ್ಲ. ಸುಧಾರಿಸಿಕೊಳ್ಳೋಣವೆಂದು ಹತ್ತಿರದ ಮರದ ಕೆಳಗೆ ಹೋಗಿ ಕೂತು, ಕೂತಲ್ಲೇ ಬೇಸರಕ್ಕೆ ಬೈರಿಗೆ ಒತ್ತಿದರೆ, ಆಹಾ, ಬೆಣ್ಣೆಯಲ್ಲಿ ಬೆರಳಿಟ್ಟಂತೆ ಮೊಳವೇನು, ಮೊಳಕೈತನಕ ಇಳಿಯಿತು. ಕಪ್ಪು ಮಣ್ಣು, ತಣ್ಣಗಿನ ಮಣ್ಣು, ಮೂಗಿಗೆ ಹಿಡಿದರೆ ಮಳೆಯ ವಾಸನೆ.

ಹೀಗೆ ನೂರಕ್ಕೆ ನೂರು ಚೀಲವೂ ಮರದ ಬುಡದ್ದೇ ಆಯಿತು. ಇದರಲ್ಲಿ ಪಕ್ಷಪಾತವೇನೂ ಇರಲಿಲ್ಲ. 'ಯಾವುದೇ ಒಂದು ಜಾಗಕ್ಕೆ ಒಲವು ತೋರತಕ್ಕದ್ದಲ್ಲ' ಎಂಬ ನಿಯಮವನ್ನು ಅವನು ಅಕ್ಷರಶಃ ಪಾಲಿಸಿ, ಈ ವರ್ಷ ನೂರು ಮರ, ಮುಂದಿನ ವರ್ಷ ಬೇರೆ ನೂರು ಮರ ಎಂದು ಸರದಿ ಹಾಕಿಕೊಂಡಿದ್ದ. ಮಿಕ್ಕ ಹನ್ನೆರಡಕ್ಕೆ ಬೇಜಾರಾಗದಿರಲೆಂದು ಅವುಗಳ ಕೆಳಗೆ ಮಲಗುತ್ತಿದ್ದ. ಹತ್ತನೆಯ ವರ್ಷ ಇಲಾಖೆ ಅವನಿಗೆ 'ಅತ್ಯಂತ ಪ್ರಾಮಾಣಿಕ ನೌಕರ' ಎಂಬ ಫಲಕ ಕೊಟ್ಟಿತು. ಅಕ್ಕ ಅದನ್ನು ಹಾಲಿನ ಪಾತ್ರೆಗೆ ಮುಚ್ಚಳ ಮಾಡಿದಳು.

ಎಲ್ಲವೂ ಸುಖವಾಗಿ ನಡೆದಿರುವಾಗ, ಕಚೇರಿಗೆ ಸುಣ್ಣ ಬಳಿಯುವವರು ಬಂದರು.

ಸುಣ್ಣದವರು ಬೀರು ಸರಿಸಿದರು. ಬೀರು ಸರಿದದ್ದರಿಂದ ದೊಡ್ಡ ಸಾಹೇಬರು ತಮ್ಮ ಸೇವಾವಧಿಯಲ್ಲಿ ಮೊದಲ ಬಾರಿಗೆ ಬಯಲನ್ನು ನೋಡಿದರು. ನೋಡಿ ಎದೆ ಹಿಡಿದುಕೊಂಡು, ಹೆಡ್ ಗುಮಾಸ್ತೆಯನ್ನು ಕೂಗಿದರು. ಹೆಡ್ ಗುಮಾಸ್ತೆ ಎಂದರೆ ಕಡತದಮ್ಮ. ನಿಯಮ ಪುಸ್ತಕದ ಮುನ್ನೂರು ಪುಟವೂ ಅವರಿಗೆ ಬಾಯಿಪಾಠ. ತಪ್ಪಿಲ್ಲದೆ ಕನವರಿಸುತ್ತಿದ್ದ ಏಕೈಕ ನೌಕರರು ಅವರು.

"ಏನ್ರೀ ಇದು? ಹಳದಿ ಬಣ್ಣ!"

"ಬಯಲು ಸಾರ್."

"ಅದು ಗೊತ್ತು. ನಮ್ಮ ಮಣ್ಣು ಯಾವ ದರ್ಜೆ?"

"ಪ್ರಥಮ ಸಾರ್. ಇಡೀ ಬಯಲು. ಹನ್ನೊಂದು ವರ್ಷದ್ದೂ ಕಡತ ಇದೆ."

"ಮತ್ತೆ ಹುಲ್ಲು ಯಾಕ್ರೀ ಒಣಗಿದೆ? ಅಲ್ಲಿ ನೋಡಿ, ಮರದ ಬುಡದಲ್ಲಿ ಮಾತ್ರ ಹಸಿರು ಹಸಿರಾಗಿ ಚಕ್ರ ಚಕ್ರವಾಗಿದೆ. ಮಣ್ಣು ಎಲ್ಲಾ ಕಡೆ ಒಂದೇ ಅಲ್ವಾ?"

"ಒಂದೇ ಸಾರ್."

"ಒಂದೇ ಮಣ್ಣು. ಹುಲ್ಲು ಮಾತ್ರ ಮರದ ಹತ್ತಿರ. ಅಂದ್ರೆ ಏನರ್ಥ?" ಸಾಹೇಬರು ಸುಣ್ಣದ ಏಣಿಗೆ ಒರಗಿ ಬಹಳ ಹೊತ್ತು ಯೋಚಿಸಿದರು. ಆಮೇಲೆ ಮೆಲ್ಲಗೆ, ಕಳ್ಳನ ಹೆಸರು ಹೇಳುವವರ ಧ್ವನಿಯಲ್ಲಿ ಅಂದರು: "ಮರಗಳು ಎಳ್ಕೊಂಡಿವೆ."

ವಾರದೊಳಗೆ ಸೂಚನಾ ಫಲಕದ ಮೇಲೆ ಪ್ರಕಟಣೆ ಬಿತ್ತು. 'ಬಯಲಿನಲ್ಲಿ ಚದುರಿಕೊಂಡಿರುವ ಇನ್ನೂರ ಹನ್ನೆರಡು ಮರಗಳು ಸಾರ್ವಜನಿಕ ಹುಲ್ಲನ್ನು ತಂತಮ್ಮ ಬುಡಕ್ಕೆ ಸೆಳೆದು ಅಕ್ರಮವಾಗಿ ದಾಸ್ತಾನು ಮಾಡಿರುವುದು ಇಲಾಖೆಯ ಗಮನಕ್ಕೆ ಬಂದಿರುತ್ತದೆ. ಸದರಿ ಮರಗಳು ಹದಿನೈದು ದಿನಗಳೊಳಗಾಗಿ ಲಿಖಿತ ಸಮಜಾಯಿಷಿ ನೀಡತಕ್ಕದ್ದು. ತಪ್ಪಿದಲ್ಲಿ ಅವುಗಳನ್ನು ಉರುಳಿಸಿ, ಹುಲ್ಲನ್ನು ಬಯಲಿಗೆಲ್ಲ ಸಮನಾಗಿ ಹಂಚಲಾಗುವುದು.' ಪ್ರತಿಯೊಂದು ಮರಕ್ಕೂ ನೋಟಿಸನ್ನು ಮೊಳೆ ಹೊಡೆದು ಜಾರಿ ಮಾಡಲಾಯಿತು. ಒಂದು ಮರವೂ ಉತ್ತರ ಬರೆಯಲಿಲ್ಲ. ತಪ್ಪಿತಸ್ಥರು ಸುಮ್ಮನಿರುವುದು ಹೊಸದೇನಲ್ಲ ಎಂದು ಸಾಹೇಬರು ಷರಾ ಬರೆದರು.

ಅಂದು ಸಂಜೆ ಚೀಲದಣ್ಣ ಕೊಟ್ಟಿಗೆಯ ಬಾಗಿಲಲ್ಲಿ ಬಂದು ನಿಂತ. ಅಕ್ಕ ಹಾಲು ಕರೆಯುತ್ತಿದ್ದಳು.

"ಅಕ್ಕಾ, ಮರ ಕಡೀತಾರಂತೆ."

"ಎಷ್ಟು?"

"ಎಲ್ಲಾ."

ಅಕ್ಕನ ಕೈ ನಿಂತಿತು. ಹಸು ಹಿಂತಿರುಗಿ ನೋಡಿತು.

"ಬೇಸಿಗೆ ನಾಲ್ಕು ತಿಂಗಳು ಇವು ಏನು ತಿಂದು ಬದುಕ್ತವೆ ಅಂತ ಗೊತ್ತೇನೋ ನಿಂಗೆ? ಆ ಮರದ ಬುಡದ ಹುಲ್ಲು. ಅದು ಹೋದ್ರೆ ಹಸು ಮಾರ್ಬೇಕು. ಹಸು ಮಾರಿದ್ರೆ ನಾನು ನಿನ್ನ ಫಲಕ ನೆಕ್ಕೊಂಡು ಇರ್ಬೇಕು. ಯಾವ ಮೂಢ ಹೇಳಿದ್ದು ಮರ ಹುಲ್ಲು ಎಳೀತದೆ ಅಂತ?"

"ಮಣ್ಣೆಲ್ಲಾ ಒಂದೇ ಅಂತ ಕಡತದಲ್ಲಿದೆಯಲ್ಲಕ್ಕಾ..."

"ಕಡತಕ್ಕೆ ಬರ್ಸಿದ್ದು ಯಾರು?"

ಚೀಲದಣ್ಣ ಕಂಬದ ಗಂಟುಗಳನ್ನು ಎಣಿಸಿದ.

"ನೀನು ಹನ್ನೊಂದು ವರ್ಷದಲ್ಲಿ ಒಂದು ದಿನ ಬಿಸಿಲಲ್ಲಿ ಕೂತಿದ್ದನ್ನ ನಾನು ಕಂಡಿಲ್ಲ," ಎಂದಳು ಅಕ್ಕ. "ಮರದ ಬುಡದಲ್ಲಿ ಎಲೆ ಉದುರಿ ಕೊಳೀತದೆ. ಕೊಂಬೆ ಮೇಲಿನ ಹಕ್ಕಿ ಹಿಕ್ಕೆ ಹಾಕ್ತದೆ. ಮಧ್ಯಾಹ್ನ ನನ್ನ ಹಸು ಅಲ್ಲೇ ಮಲಗಿ ಸಗಣಿ ಹಾಕ್ತವೆ. ಬೇರು ಪಾತಾಳದಿಂದ ನೀರು ಎತ್ತಿ, ತಾನೂ ಕುಡಿದು, ಮೇಲಿನ ಮಣ್ಣಿಗೂ ಒಂದು ಗುಟುಕು ಬಿಡ್ತದೆ. ನೆರಳಿರೋದ್ರಿಂದ ಅದು ಆರಲ್ಲ. ಮರ ಹುಲ್ಲನ್ನ ಕದ್ದಿಲ್ಲ ಕಣೋ, ಸಾಕಿದೆ. ನಾನು ನಿನ್ನನ್ನ ಸಾಕಿದ ಹಾಗೆ. ಹೋಗು, ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿ ಬಾ."

"ಕೆಲಸ ಹೋಗತ್ತಕ್ಕಾ."

"ಕೆಲಸ ಮಾಡಿದ್ಯೇನೋ ಹೋಗಕ್ಕೆ?"

ಮರುದಿನ ಚೀಲದಣ್ಣ ನಡುಬಯಲಿಗೆ ಹೋದ. ಮೂರು ದಿನ ಕೊರೆದ. ಎರಡು ಬೈರಿಗೆ ಮುರಿದವು. ಅಂಗೈಯಲ್ಲಿ ಎದ್ದ ಬೊಬ್ಬೆಗಳು ಬೆಳಗಾಗುವಷ್ಟರಲ್ಲಿ ಮರಿ ಹಾಕಿದ್ದವು. ಹಾಗೂ ಹೀಗೂ ನೂರು ಚೀಲ ಬಿಸಿಲಿನ ಮಣ್ಣು ಹೊತ್ತು ತಂದು ಸಾಹೇಬರ ಮೇಜಿನ ಮುಂದೆ ಸುರಿದ. ಮಣ್ಣು ಬಿದ್ದದ್ದಕ್ಕೆ ಕೆಳಗಿನ ಅಂತಸ್ತಿನವರು ಬಾಗಿಲು ಯಾರೋ ಬಡಿದರೆಂದು ಎದ್ದು ಬಂದರು.

"ಇದು ಬಯಲಿನ ನಿಜವಾದ ಮಣ್ಣು ಸಾರ್. ಇಷ್ಟು ವರ್ಷ ನಾನು ತಂದಿದ್ದೆಲ್ಲಾ ಮರದ ಬುಡದ್ದು. ತಪ್ಪಾಯ್ತು."

ಕಡತದಮ್ಮ ಒಂದು ಹೆಂಟೆ ಎತ್ತಿ ಬೆಳಕಿಗೆ ಹಿಡಿದು ನೋಡಿದರು. "ಇದು ಮಣ್ಣಲ್ಲ."

"ಮಣ್ಣೇ ಅಮ್ಮಾ. ನಾನೇ ಅಗೆದಿದ್ದು."

"ಹದಿನಾಲ್ಕನೇ ನಿಯಮ ಕೇಳಿಲ್ವಾ? ಹಿಂದಿನ ದಾಖಲೆಗಿಂತ ನೂರಕ್ಕೆ ಹತ್ತಕ್ಕಿಂತ ಹೆಚ್ಚು ವ್ಯತ್ಯಾಸ ಇರೋ ವಸ್ತುವನ್ನ ಮಣ್ಣು ಅಂತ ಪರಿಗಣಿಸತಕ್ಕದ್ದಲ್ಲ. ಇದನ್ನ ನೋಡಿದ್ರೆ ನೂರಕ್ಕೆ ಎಂಬತ್ತು ವ್ಯತ್ಯಾಸ ಇದೆ. ಏನೋ ಬೇರೆ ಪದಾರ್ಥ. ಎಲ್ಲಿ ಸಿಕ್ಕಿತು ನಿಮಗೆ?"

ಸಾಹೇಬರು ಕನ್ನಡಕ ತೆಗೆದು ಒರೆಸಿದರು. ಅವರು ಮೃದು ಹೃದಯಿ. "ನೋಡಪ್ಪಾ, ಹನ್ನೊಂದು ವರ್ಷ ಸುಳ್ಳು ಮಾದರಿ ತಂದೆ ಅಂತೀಯಾ?"

"ಹೌದು ಸಾರ್."

"ಅಂದ್ರೆ ನೀನು ಸುಳ್ಳುಗಾರ."

"ಹೌದು ಸಾರ್."

"ಸುಳ್ಳುಗಾರ ಈಗ ಹೇಳ್ತಿರೋದನ್ನ ಇಲಾಖೆ ಹೇಗೆ ನಂಬೋದು? ಆವಾಗ ತಂದಿದ್ದನ್ನಾದ್ರೆ ನಂಬಬಹುದು, ಆವಾಗ ನೀನು ಅತ್ಯಂತ ಪ್ರಾಮಾಣಿಕ ನೌಕರ. ಫಲಕಾನೂ ಇದೆ. ಹೋಗು, ಎರಡು ದಿನ ರಜೆ ತಗೋ. ಬಿಸಿಲಲ್ಲಿ ಓಡಾಡಿ ತಲೆಗೆ ಹತ್ತಿದೆ."

ನೂರು ಚೀಲದ ಪದಾರ್ಥವನ್ನು ಕಾಂಪೌಂಡಿನ ಬಿರುಕು ಮುಚ್ಚಲು ಬಳಸಲಾಯಿತು. ಇಂದಿಗೂ ಗಟ್ಟಿಯಾಗಿದೆ.

ಮನೆಗೆ ಬಂದು ನಡೆದದ್ದನ್ನೆಲ್ಲ ಹೇಳಿದಾಗ ಅಕ್ಕ ಅವನ ಅಂಗೈಗೆ ಬೆಣ್ಣೆ ಸವರಿದಳು. "ತಪ್ಪು ನಂದೇ," ಎಂದಳು. "ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ಜನದ ಹತ್ರ, ಎತ್ತು ಈಯಲ್ಲ ಅಂತ ಹೇಳಕ್ಕೆ ಕಳ್ಸಿದ್ನಲ್ಲ. ಅಲ್ಲಿಗೆ ಹೋಗಿ ಕರು ಎಲ್ಲಿ ಅಂತ ಕೇಳ್ಬೇಕಿತ್ತು. ಆ ಮನೇಲಿ ನಿಜ ನಡೆಯಲ್ಲ, ನಿಯಮ ನಡೆಯುತ್ತೆ. ನಿಯಮ ಹಿಡ್ಕೊಂಡು ಹೋಗು."

ಚೀಲದಣ್ಣನ ತಲೆಗೆ ಅದು ಇಳಿಯಿತು, ಮರದ ಬುಡದಲ್ಲಿ ಬೈರಿಗೆ ಇಳಿದ ಹಾಗೆ.

ಕಡಿಯುವ ಮುನ್ನ ಮರಗಳಿಗೆ ಬಿಳಿ ಬಣ್ಣದಲ್ಲಿ ಅಂಕಿ ಬರೆದು, ಅಂಕಿಯ ಕ್ರಮದಲ್ಲೇ ಕಡಿಯಬೇಕೆಂಬುದು ನಿಯಮ. ಬರೆಯುವವನು ಸಂಗ್ರಾಹಕನೇ ಎಂಬುದೂ ನಿಯಮ. ಅವನು ಬಣ್ಣದ ಡಬ್ಬಿ ಹಿಡಿದು ಬಯಲಿನ ಆ ತುದಿಯಿಂದ ಶುರುಮಾಡಿ, ಹಾವಿನಂತೆ ಅಂಕುಡೊಂಕಾಗಿ ಬಂದು, ಅಕ್ಕನ ಮನೆಯ ನೀರಿನ ತೊಟ್ಟಿಯ ಪಕ್ಕದ ಮರಕ್ಕೆ ಕಟ್ಟಕಡೆಗೆ ಇನ್ನೂರ ಹನ್ನೆರಡು ಎಂದು ಬರೆದ. ಗರಗಸದ ತಂಡದವರಿಗೆ ತೊಟ್ಟಿ ತೋರಿಸಿ, "ಇಲ್ಲಿ ನೀರಿದೆ, ನೆರಳಿದೆ. ಊಟ ಇಲ್ಲೇ ಮಾಡಿ," ಎಂದ. ಅವರು ದಿನಾ ಮಧ್ಯಾಹ್ನ ಅಲ್ಲಿಗೆ ಬಂದು ಉಂಡು, ಗರಗಸಕ್ಕೆ ಸಾಣೆ ಹಿಡಿದು, ಒಂದು ನಿದ್ದೆ ತೆಗೆದು, ಹೋಗಿ ಮರ ಕಡಿಯುತ್ತಿದ್ದರು.

ಇಪ್ಪತ್ತು ದಿನಕ್ಕೆ ಇನ್ನೂರ ಹನ್ನೊಂದು ಮರ ಮಲಗಿದವು. ಇಪ್ಪತ್ತೊಂದನೆಯ ದಿನ ತಂಡದ ಮುಖಂಡ ಕೊನೆಯ ಮರಕ್ಕೆ ಗರಗಸ ಇಡುವಾಗ, ಚೀಲದಣ್ಣ ಕಡತದಮ್ಮನನ್ನೇ ಕರೆದುಕೊಂಡು ಬಂದಿದ್ದ.

"ಅಮ್ಮಾ, ಕೂಲಿಯವರ ಊಟದ ವಿಷಯಕ್ಕೆ ಏನೋ ನಿಯಮ ಇತ್ತಲ್ಲಾ, ಮರೆತು ಹೋಯ್ತು," ಎಂದ, ಹಸುವಿನಷ್ಟು ಮುಗ್ಧವಾಗಿ.

ಕಡತದಮ್ಮನ ಮುಖ ಅರಳಿತು. ಯಾರೂ ಅವರನ್ನು ನಿಯಮ ಕೇಳಿದ್ದೇ ಇರಲಿಲ್ಲ, ಅವರಾಗಿಯೇ ಹೇಳಬೇಕಾಗುತ್ತಿತ್ತು. "ಮೂವತ್ತೊಂದು! 'ಬಯಲಿನಲ್ಲಿ ದುಡಿಯುವವರಿಗೆ ಮಧ್ಯಾಹ್ನದ ಊಟಕ್ಕೆ ಬಯಲಿನೊಳಗೇ ಮರದ ನೆರಳು ಒದಗಿಸತಕ್ಕದ್ದು. ನೆರಳಿನ ಏರ್ಪಾಡಿಲ್ಲದೆ ಗರಗಸ ಎತ್ತತಕ್ಕದ್ದಲ್ಲ.'"

"ಹಾಗಾದ್ರೆ ಈ ಮರ ಕಡಿಯೋ ದಿನ ಇವರಿಗೆ ಊಟಕ್ಕೆ ನೆರಳು ಎಲ್ಲಿ?"

ಕಡತದಮ್ಮ ಬಯಲನ್ನು ಈ ಕಡೆಯಿಂದ ಆ ಕಡೆಗೆ ನೋಡಿದರು. ಇನ್ನೂರ ಹನ್ನೊಂದು ಬೊಡ್ಡೆಗಳು ಬಿಸಿಲಲ್ಲಿ ಹೊಳೆಯುತ್ತಿದ್ದವು. "ಗರಗಸ ಇಳಿಸಿ," ಎಂದರು. ಮುಖಂಡ ಇಳಿಸಿದ. "ಊಟ ಆಗಿಲ್ಲ, ಇನ್ನೇನು ಹೊತ್ತಾಯ್ತು," ಎನ್ನುತ್ತ ಅದೇ ಮರದ ಕೆಳಗೆ ಬುತ್ತಿ ಬಿಚ್ಚಿದ.

ಬೇಸಿಗೆ ಮುಗಿಯುವಷ್ಟರಲ್ಲಿ ಬೊಡ್ಡೆಗಳ ಸುತ್ತಲಿನ ಹಸಿರು ಚಕ್ರಗಳೂ ಹಳದಿಯಾದವು. ಸಾಹೇಬರು ಕಿಟಕಿಯಿಂದ ನೋಡಿ ತೃಪ್ತರಾದರು. ಹುಲ್ಲು ಈಗ ಎಲ್ಲೆಡೆಯೂ ಸಮನಾಗಿತ್ತು: ಎಲ್ಲೂ ಇರಲಿಲ್ಲ. 'ಸಮಾನತೆ ಸಾಧಿಸಲಾಗಿದೆ' ಎಂದು ಬರೆದು, ಬೀರುವನ್ನು ಮತ್ತೆ ಕಿಟಕಿಗೆ ಅಡ್ಡ ಇಡಿಸಿದರು.

ಮರುವರ್ಷ ಬೇಸಿಗೆ ನೆತ್ತಿಗೇರಿ, ಹನ್ನೆರಡನೆಯ ವರ್ಷದ ಮಾದರಿಯ ದಿನ ಬಂತು. ಚೀಲದಣ್ಣ ಬೈರಿಗೆ ಹಿಡಿದು ಸಾಹೇಬರ ಮುಂದೆ ನಿಂತ.

"ಎಲ್ಲಿ ಕೊರೀಲಿ ಸಾರ್? ಬಯಲಿಗೆ ಹೋದ್ರೆ ಬೇರೆ ಪದಾರ್ಥ ಸಿಗತ್ತೆ. ಮಣ್ಣು ಬೇಕಂದ್ರೆ ಒಂದೇ ಕಡೆ ಇರೋದು."

ಇಲಾಖೆ ಮೂರು ದಿನ ಸಭೆ ನಡೆಸಿ, ಇನ್ನೂರ ಹನ್ನೆರಡನೆಯ ಮರವನ್ನು 'ಬಯಲಿನ ಅಧಿಕೃತ ಪ್ರತಿನಿಧಿ' ಎಂದು ಘೋಷಿಸಿತು. ಇನ್ನು ಮುಂದೆ ನೂರು ಮಾದರಿಗಳನ್ನೂ ಅದರ ಕೆಳಗೇ ತೆಗೆಯತಕ್ಕದ್ದು. ಸುತ್ತ ಬೇಲಿ ಹಾಕತಕ್ಕದ್ದು. ದನಕರುಗಳಿಗೆ ಪ್ರವೇಶವಿಲ್ಲವೆಂದು ಬೇಲಿಗೆ ಫಲಕ ತೂಗುಹಾಕತಕ್ಕದ್ದು.

ಅಕ್ಕ ಬೇಲಿ ನೋಡಿದಳು, ಫಲಕ ನೋಡಿದಳು, ತಮ್ಮನ ಮುಖ ನೋಡಿದಳು. "ಮರ ಉಳಿಸ್ದೆ, ಹಸೂನ ಹೊರಗೆ ಹಾಕ್ದೆ. ಅರ್ಧ ಜಾಣ ಆಗಿದ್ದೀಯ, ಇನ್ನರ್ಧ ಯಾವಾಗ?"

"ಒಂದು ವರ್ಷ ತಡಿ ಅಕ್ಕಾ."

ಆ ಒಂದು ವರ್ಷ ಅಕ್ಕ ಹೇಗೆ ಹಸು ಉಳಿಸಿಕೊಂಡಳೆಂದು ಕೇಳಬೇಡಿ. ಒಂದು ಹಸು ಮಾರಿದಳು. ಉಳಿದ ಮೂರರ ಪಕ್ಕೆಲುಬು ಎಣಿಸಿ ಮಕ್ಕಳಿಗೆ ಮಗ್ಗಿ ಕಲಿಸಬಹುದಿತ್ತು. ಬೇಲಿಯೊಳಗೆ ಸಗಣಿಯಿಲ್ಲ; ನೂರು ತೂತು ಬಿದ್ದ ನೆಲ ಬಡವಾಯಿತು. ಹದಿಮೂರನೆಯ ವರ್ಷದ ವರದಿ ಬಂತು: ದ್ವಿತೀಯ ದರ್ಜೆ.

ಸಾಹೇಬರು ವರದಿಯನ್ನು ತಲೆಕೆಳಗಾಗಿ ಹಿಡಿದೂ ಓದಿ ನೋಡಿದರು. ಮೇಲಿನವರ ಸಮಿತಿ ಎರಡು ತಿಂಗಳಲ್ಲಿ ಬರುವುದಿತ್ತು. ಚೀಲದಣ್ಣ ನಿಯಮ ಪುಸ್ತಕವನ್ನು ಮೇಜಿನ ಮೇಲಿಟ್ಟು ವಿನಯದಿಂದ ನಿಂತ.

"'ಮಾದರಿ ತೆಗೆಯುವ ಸ್ಥಿತಿಯು ಹಿಂದಿನ ವರ್ಷಗಳಂತೆಯೇ ಇರತಕ್ಕದ್ದು', ಏಳನೇ ನಿಯಮ. ಹಿಂದಿನ ಹನ್ನೊಂದು ವರ್ಷವೂ ಮಧ್ಯಾಹ್ನ ಮರದ ಕೆಳಗೆ ಹಸು ಮಲಗ್ತಿದ್ವು ಸಾರ್. ಈಗ ಸ್ಥಿತಿ ಬದಲಾಗಿದೆ."

"ಹಾಗಾದ್ರೆ ಹಸು ಬಿಡಿ!"

"ಸಿಬ್ಬಂದಿ ಅಲ್ಲದವರಿಗೆ ಬೇಲಿಯೊಳಗೆ ಪ್ರವೇಶ ಇಲ್ಲ," ಎಂದರು ಕಡತದಮ್ಮ.

ಮೂವರಿಗೂ ಒಟ್ಟಿಗೇ ಹೊಳೆಯಿತು. ಆದರೆ ಮೊದಲು ಹೊಳೆದದ್ದು ಸಾಹೇಬರಿಗೆ ಎಂದು ನಡಾವಳಿಯಲ್ಲಿ ದಾಖಲಾಗಿದೆ.

ಮೂರು ಹಸುಗಳನ್ನು 'ಸಹಾಯಕ ಫಲವತ್ತತಾ ಸಿಬ್ಬಂದಿ' ಎಂದು ನೇಮಿಸಲಾಯಿತು. ಬಯಲಿನಲ್ಲಿ ಹುಲ್ಲಿಲ್ಲವಾದ್ದರಿಂದ ಅವಕ್ಕೆ ದಿನಾ ಒಂದು ಲಾರಿ ಮೇವು ಎಲ್ಲಿಂದಲೋ ಬರುತ್ತದೆ. ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಮಲಗುವುದು ಕರ್ತವ್ಯ. ಹಾಜರಿ ಪುಸ್ತಕದಲ್ಲಿ ಗೊರಸಿನ ಗುರುತು. ಅಕ್ಕ ಹಿಡಿದು ಒತ್ತಿಸುತ್ತಾಳೆ. ಒಂದು ದಿನ ಕಪ್ಪು ಹಸು ನಿಂತೇ ಇದ್ದುದಕ್ಕೆ ಅದಕ್ಕೆ ಕಾರಣ ಕೇಳಿ ನೋಟಿಸು ಬಂತು. ಅದು ನೋಟಿಸನ್ನು ತಿಂದಿತು. ಸ್ವೀಕರಿಸಲಾಗಿದೆ ಎಂದು ಬರೆದುಕೊಂಡರು.

ಸಮಿತಿ ಬಂತು. ಐವರೂ ವಾಹನದಿಂದ ಇಳಿದು ಮರದ ನೆರಳಿಗೆ ಓಡಿ, ಅಕ್ಕ ಕೊಟ್ಟ ಹಾಲು ಕುಡಿದು, ಕಪ್ಪು ಮಣ್ಣನ್ನು ಮೂಸಿ ತಲೆದೂಗಿದರು.

"ಇಡೀ ಬಯಲು ಹೀಗೇ ಇದೆಯೇನ್ರೀ?"

"ಇದಕ್ಕಿಂತ ಚೆನ್ನಾಗಿದೆ ಸಾರ್," ಎಂದರು ಸಾಹೇಬರು. "ಬಿಸಿಲು ಜಾಸ್ತಿ ಅಂತ ತಮ್ಮನ್ನ ಕರ್ಕೊಂಡು ಹೋಗ್ತಿಲ್ಲ."

ಸಮಿತಿಯ ಅಧ್ಯಕ್ಷರು ನೆರಳಿನ ಗೆರೆಯತನಕ ಹೋಗಿ, ಒಂದು ಬೆರಳನ್ನು ಬಿಸಿಲಿಗೆ ಚಾಚಿ, ಹಿಂದಕ್ಕೆ ಎಳೆದುಕೊಂಡು, "ಸ್ಥಳ ಪರಿಶೀಲಿಸಲಾಯಿತು," ಎಂದರು. ಪ್ರಥಮ ದರ್ಜೆ ಮರಳಿ ಬಂತು. ಚೀಲದಣ್ಣನಿಗೆ ಇನ್ನೊಂದು ಫಲಕ ಬಂತು; ಹಾಲಿನ ಪಾತ್ರೆಗಳು ಎರಡಾಗಿದ್ದುದರಿಂದ ಅನುಕೂಲವೇ ಆಯಿತು.

ಒಂದೇ ಒಂದು ಸಣ್ಣ ವಿಷಯ ಉಳಿದಿದೆ. ಆ ಮರ ಕಾಯಿ ಬಿಡುತ್ತದೆ. ಸಿಬ್ಬಂದಿ ಕರ್ತವ್ಯದ ವೇಳೆಯಲ್ಲಿ ಅದನ್ನು ತಿನ್ನುತ್ತಾರೆ. ಸಂಜೆ ಅಕ್ಕ ಅವುಗಳನ್ನು ಮನೆಗೆ ನೇರ ದಾರಿಯಲ್ಲಿ ತರುವುದಿಲ್ಲ. ಬಯಲಿನಲ್ಲಿ ಒಂದು ದೊಡ್ಡ ಸುತ್ತು ಹೊಡೆಸಿ ತರುತ್ತಾಳೆ. ಸಗಣಿ ಬಿದ್ದಲ್ಲಿ ಮಳೆ ಬಿದ್ದಮೇಲೆ ಮೊಳಕೆಗಳು ಕಂಡವು. ಈಗ ಮೊಣಕಾಲೆತ್ತರ ಬಂದಿವೆ. ಅಂಕಿ ಬರೆಯದ ಮರ ಇಲಾಖೆಯ ದೃಷ್ಟಿಯಲ್ಲಿ ಇಲ್ಲ. ಇಲ್ಲದ ಮರವನ್ನು ಕಡಿಯಲು ಬರುವುದಿಲ್ಲ. ಅಂಕಿ ಬರೆಯಬೇಕಾದವನು ಚೀಲದಣ್ಣ. ಅವನ ಡಬ್ಬಿಯ ಬಣ್ಣ ಒಣಗಿದೆ. ಹೊಸ ಡಬ್ಬಿಗಾಗಿ ಅವನು ನಾಲ್ಕು ಪ್ರತಿಗಳಲ್ಲಿ ಅರ್ಜಿ ಸಲ್ಲಿಸಿ, ಐದನೆಯ ಪ್ರತಿ ಬೇಕೆಂಬ ನಿಯಮವನ್ನು ತಾನೇ ಹುಡುಕಿ ತೋರಿಸಿ, ಅರ್ಜಿಯನ್ನು ವಾಪಸು ಪಡೆದಿದ್ದಾನೆ.

ಮೊನ್ನೆ ಸಾಹೇಬರು ಬೇಲಿಯ ಫಲಕಕ್ಕೆ ಹೊಸ ಬಣ್ಣ ಬಳಿದಿದ್ದಾರೆಯೇ ಎಂದು ನೋಡಲು ಬಂದವರು ಒಂದು ಗಿಡವನ್ನು ಎಡವಿ ಬಿದ್ದು ಕಾಲು ಉಳುಕಿಸಿಕೊಂಡರು. ಕಡತದಮ್ಮ ಅಲ್ಲೇ ಅಪಘಾತದ ನಮೂನೆ ಬಿಚ್ಚಿದರು.

"ಕಾರಣ ಏನು ಬರೀಲಿ ಸಾರ್?"

"ಗಿಡ ರೀ! ನೋಡಿ, ಇಲ್ಲೇ ಇದೆ!"

"ಇಲ್ಲ ಸಾರ್," ಎಂದರು ಕಡತದಮ್ಮ.

ಸಾಹೇಬರು ಗಿಡವನ್ನು ನೋಡಿದರು, ಜೊತೆಗೆ ಬಂದಿದ್ದ ಚೀಲದಣ್ಣನನ್ನು ನೋಡಿದರು, ನಿಟ್ಟುಸಿರು ಬಿಟ್ಟರು. "ಮಣ್ಣಿನ ಅತಿಯಾದ ಫಲವತ್ತತೆ ಅಂತ ಬರೀರಿ," ಎಂದು ರುಜು ಹಾಕಿ, ಎದ್ದು ಹೋಗುವಾಗ ಗಿಡಕ್ಕೆ ಕಾಲು ತಾಗದಂತೆ ಸುತ್ತಿ ಬಳಸಿ ಕುಂಟುತ್ತ ಹೋದರು.

ಸಂಜೆ ಅಕ್ಕ ಎಂದಿನಂತೆ ಕೊಡ ಎತ್ತಿಕೊಂಡು ಹೋಗಿ, ಬಯಲಿನಲ್ಲಿ ಇಲ್ಲದ ನಲವತ್ತೊಂದು ಗಿಡಗಳಿಗೂ ನೀರು ಹಾಕಿ ಬಂದಳು.